ಶಾಲೆಯ ಜೊತೆ ವ್ಯಾಜ್ಯ: ದೂರು ಸರಿಯಿದ್ದರೂ ಬಾಗಿಲು ತಪ್ಪುವುದೇಕೆ?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳ ಟಪಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಅರ್ಜಿಗಳು ಬಂದು ಬೀಳುತ್ತವೆ. ಫೀಸು ವಿಪರೀತ ಏರಿಸಿದ್ದಾರೆ, ಬಾಕಿ ಇದೆ ಎಂದು ಟಿಸಿ ತಡೆಹಿಡಿದಿದ್ದಾರೆ, ಒಂಬತ್ತನೇ ಕ್ಲಾಸಿನಲ್ಲಿ ಮಗನನ್ನು ಬೇರೆ ಶಾಲೆಗೆ ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ, ಎಂಟು ವರ್ಷ ಪಾಠ ಮಾಡಿದ ಟೀಚರಿಗೆ ಜೂನ್‌ನಿಂದ ಬರಬೇಡಿ ಎಂದಿದ್ದಾರೆ. ಸಂಕಟ ನಿಜವೇ. ಆದರೂ ಎಷ್ಟೋ ಅರ್ಜಿಗಳಿಗೆ ಸಿಗುವುದು 'ಈ ವಿಷಯ ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದು ಸಾಲಿನ ಹಿಂಬರಹ. ಅದು ಕೈಗೆ ಬರುವಷ್ಟರಲ್ಲಿ ಸರಿಯಾದ ಕಡೆ ಹೋಗಲು ಇದ್ದ ಗಡುವೂ ಮುಗಿದಿರುತ್ತದೆ.

ಶಿಕ್ಷಣದ ವ್ಯಾಜ್ಯದಲ್ಲಿ ಯಾರ ಕಡೆ ನ್ಯಾಯವಿದೆ ಎಂಬುದಕ್ಕಿಂತ ಮೊದಲು ಆ ಶಾಲೆಗೆ ಯಾವ ಕಾನೂನು ತಾಗುತ್ತದೆ ಎಂಬುದು ತೀರ್ಮಾನವಾಗಬೇಕು. ಅದನ್ನು ತಿಳಿಯಲು ನಾಲ್ಕು ಸಂಗತಿ ಸಾಕು: ಶಾಲೆ ಯಾವ ಬೋರ್ಡಿನದು, ಅನುದಾನ ಪಡೆಯುತ್ತದೆಯೇ, ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರ ಇದೆಯೇ, ಮಗು ಯಾವ ತರಗತಿಯಲ್ಲಿದೆ. ಒಂದೇ ರಸ್ತೆಯ ಎರಡು ಶಾಲೆಗಳಿಗೆ ಎರಡು ಬೇರೆ ಕಾನೂನು ಅನ್ವಯಿಸುವ ಊರು ಇದು. ರಾಜ್ಯ ಪಠ್ಯಕ್ರಮದ ಶಾಲೆಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ. ಹೆಸರಿನಲ್ಲಿ 1983 ಇದ್ದರೂ ಅದು ಜಾರಿಯಾದದ್ದು 1995ರಲ್ಲಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳನ್ನು ಅದೇ ಕಾಯ್ದೆಯ ಮೊದಲ ಸೆಕ್ಷನ್ನೇ ಬಹುಮಟ್ಟಿಗೆ ಹೊರಗಿಟ್ಟಿದೆ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಎಲ್ಲ ಬೋರ್ಡುಗಳಿಗೂ ತಾಗುತ್ತದೆ, ಆದರೆ 6ರಿಂದ 14 ವರ್ಷದ, ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಮಾತ್ರ. ಅಲ್ಪಸಂಖ್ಯಾತ ಶಾಲೆಗಳಿಗೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಅನುಮಾನ ತಾಳಿ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದೆ.

ಬೋರ್ಡಿನ ವಿಷಯದಲ್ಲಿ ಶಾಲೆಯ ಫಲಕವನ್ನಾಗಲಿ ಬ್ರೋಷರನ್ನಾಗಲಿ ನಂಬಿ ಕೂರಬಾರದು. ಒಂದೇ ಹೆಸರಿನ ಹತ್ತು ಶಾಖೆಗಳಿರುವ ಸಂಸ್ಥೆಯಲ್ಲಿ ಒಂದು ಶಾಖೆಗೆ ಸಿಬಿಎಸ್‌ಇ ಸಂಯೋಜನೆ ಇದ್ದು, ಮಿಕ್ಕವು ರಾಜ್ಯ ಪಠ್ಯಕ್ರಮದ ಮಾನ್ಯತೆಯಲ್ಲೇ ನಡೆಯುತ್ತಿರಬಹುದು. ಸಿಬಿಎಸ್‌ಇಯ 'ಸಾರಸ್' ಪೋರ್ಟಲ್‌ನಲ್ಲಿ ಶಾಖೆಯನ್ನು ಹುಡುಕಿ ವಿಳಾಸ ಹೋಲಿಸಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸಂಯೋಜನೆ ಆ ಹೆಸರಿಗಲ್ಲ, ಆ ಜಾಗಕ್ಕೆ.

ಫೀಸು: ಎಷ್ಟು ಎಂಬುದಲ್ಲ, ಯಾವುದು ಎಂಬುದು

ಶಿಕ್ಷಣ ಕಾಯ್ದೆಯ 48ನೇ ಸೆಕ್ಷನ್ ಸರ್ಕಾರಕ್ಕೆ ಖಾಸಗಿ ಶಾಲೆಯ ಶುಲ್ಕದ ಮೇಲೆ ಹಿಡಿತ ಕೊಟ್ಟಿತ್ತು. 2017ರ ತಿದ್ದುಪಡಿ ದಂಡದ ಕಲಮು ಸೇರಿಸಿ ಆ ಹಿಡಿತವನ್ನು ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳವರೆಗೂ ಚಾಚಿತು. 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಇವು ಸಂವಿಧಾನಬಾಹಿರ ಎಂದು ಹೊಡೆದುಹಾಕಿತು. ಆಧಾರ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು: ಅನುದಾನ ಪಡೆಯದ ಸಂಸ್ಥೆ ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ (ಸೀಟಿಗಾಗಿ ಶುಲ್ಕದ ಹೊರಗೆ ಪಡೆಯುವ ಹಣ) ಕೂಡದು.

ಹಾಗಾಗಿ 'ಶೇ. 30 ಏರಿಸಿದ್ದಾರೆ, ಕಡಿಮೆ ಮಾಡಿಸಿಕೊಡಿ' ಎಂಬ ಅರ್ಜಿಗೆ ಬಿಇಒ ಕೈಯಲ್ಲಿ ಇವತ್ತು ಹೇಳಿಕೊಳ್ಳುವ ಅಸ್ತ್ರವಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ಫೀಸಿನ ವಿಷಯದಲ್ಲಿ ಇದ್ದ ಹಲ್ಲೂ ಆ ತೀರ್ಪಿನೊಂದಿಗೆ ಉದುರಿತು. ಕೋವಿಡ್ ಕಾಲದ ಶೇ. 15ರ ರಿಯಾಯಿತಿಯನ್ನು ಈಗಲೂ ಉಲ್ಲೇಖಿಸುವವರಿದ್ದಾರೆ. 2021ರ ಆ ಆದೇಶಗಳು 2020-21ನೇ ಸಾಲಿಗೆ ಸೀಮಿತ, ಬೇರೆ ವರ್ಷಕ್ಕೆ ಎಳೆಯಲು ಬರುವುದಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇಂದ್ರದ ಆರ್‌ಟಿಇ ಕಾಯ್ದೆ ಹಾಗೆಯೇ ನಿಂತಿದೆ, ಅದರ 2(ಬಿ) ಕಲಮಿನ ವ್ಯಾಖ್ಯೆ ಬಹಳ ಅಗಲವಾದದ್ದು: ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಪಡೆಯುವ ಯಾವುದೇ ದೇಣಿಗೆ, ವಂತಿಗೆ, ಪಾವತಿ ಕ್ಯಾಪಿಟೇಶನ್ ಶುಲ್ಕವೇ. 13ನೇ ಸೆಕ್ಷನ್ ಅದನ್ನು ನಿಷೇಧಿಸಿ, ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕುತ್ತದೆ. ಪ್ರವೇಶಕ್ಕೆ ಮಗುವನ್ನೋ ಪೋಷಕರನ್ನೋ ಸಂದರ್ಶನ ಮಾಡಿ ಸೋಸಿದರೆ ಮೊದಲ ಬಾರಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಶುಲ್ಕ ದುಬಾರಿ ಎಂಬ ಜಗಳದಲ್ಲಿ ಪೋಷಕರು ಸೋಲುತ್ತಾರೆ. ಪ್ರಕಟಿಸದ ಹಣ ವಸೂಲಿ ಮಾಡಿದ್ದಾರೆ ಎಂಬ ಜಗಳದಲ್ಲಿ ಗೆಲ್ಲುವ ಸಾಧ್ಯತೆ ಇದೆ.

ಗೆಲ್ಲಬೇಕಾದರೆ ರಸೀದಿಯನ್ನು ಬಿಡಿಸಿ ಓದಬೇಕು. ಮೊದಲು ನೋಡಬೇಕಾದ್ದು ಹಣ ಯಾರ ಹೆಸರಿಗೆ ಹೋಗಿದೆ ಎಂಬುದು. ಬೋಧನಾ ಶುಲ್ಕ ಶಾಲೆಯ ಹೆಸರಿನಲ್ಲಿ, 'ಅಭಿವೃದ್ಧಿ ನಿಧಿ' ಟ್ರಸ್ಟ್ ಹೆಸರಿನಲ್ಲಿ, ಪುಸ್ತಕ-ಸಮವಸ್ತ್ರದ ಹಣ ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರಿನಲ್ಲಿ ಇದ್ದರೆ ಮೂರನ್ನೂ ಬೇರೆ ಬೇರೆಯಾಗಿ ದೂರಿನಲ್ಲಿ ನಮೂದಿಸಬೇಕು. ಎರಡನೆಯದು, ಪ್ರವೇಶದ ಹೊತ್ತಿಗೆ ಕೊಟ್ಟ ಶುಲ್ಕಪಟ್ಟಿಯಲ್ಲಿ ಆ ಶೀರ್ಷಿಕೆ ಇತ್ತೇ? ಆ ಪಟ್ಟಿಯ ಫೋಟೊ, ಸೂಚನಾ ಫಲಕದ ಫೋಟೊ, ಆ ದಿನದ ವೆಬ್‌ಸೈಟ್ ಪುಟದ ಸ್ಕ್ರೀನ್‌ಶಾಟ್ ತಾರೀಖು ಸಮೇತ ಇರಲಿ. ವ್ಯಾಜ್ಯ ಶುರುವಾದ ಮೇಲೆ ವೆಬ್‌ಸೈಟ್ ಪುಟ ಬದಲಾಗುವುದು ಮಾಮೂಲು. ನಗದು ಕೇಳಿದರೆ ಕೊಡುವ ಮುನ್ನ 'ಇಂತಿಷ್ಟು ಮೊತ್ತ ಯಾವ ಬಾಬ್ತು ಎಂದು ತಿಳಿಸಿ, ರಸೀದಿ ಕೊಡುವಿರಾ' ಎಂದು ಒಂದು ಇಮೇಲ್ ಹಾಕಿ. ಅದಕ್ಕೆ ಉತ್ತರ ಬಂದರೂ ಸಾಕ್ಷ್ಯ, ಬಾರದಿದ್ದರೂ ಸಾಕ್ಷ್ಯ.

ಕ್ಯಾಪಿಟೇಶನ್ ಎಂದು ನೇರವಾಗಿ ಪೊಲೀಸ್ ಠಾಣೆಗೆ ಹೋಗುವವರು ಬರಿಗೈಯಲ್ಲಿ ಮರಳುವುದಕ್ಕೂ ಕಾರಣವಿದೆ. ಆರ್‌ಟಿಇಯ 36ನೇ ಸೆಕ್ಷನ್ ಪ್ರಕಾರ ಈ ಅಪರಾಧಗಳಿಗೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಆದ್ದರಿಂದ ದೂರು ಬಿಇಒ, ಅವರ ಮೇಲಿನ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಮೂಲಕವೇ ಹೋಗಬೇಕು, ಮತ್ತು 'ಸೂಕ್ತ ಕ್ರಮ ಕೈಗೊಳ್ಳಿ' ಎಂದು ಬರೆಯುವ ಬದಲು '13(2)(ಎ) ಅಡಿ ವಿಚಾರಣೆ ನಡೆಸಿ, 36ನೇ ಸೆಕ್ಷನ್ ಅಡಿ ಮಂಜೂರಾತಿಗೆ ಕಳುಹಿಸಿ' ಎಂದು ಕೇಳಬೇಕು. ಸೂಕ್ತ ಕ್ರಮ ಕೇಳಿದವರಿಗೆ ಇಲಾಖೆ ಕೊಡುವುದು ಶಾಲೆಗೆ ಹೊರಡಿಸಿದ ಒಂದು ನೋಟಿಸಿನ ಪ್ರತಿ, ಅಷ್ಟೆ.

ಗ್ರಾಹಕ ಆಯೋಗದ ಬಗ್ಗೆ ಒಂದು ಎಚ್ಚರಿಕೆ. ಶಿಕ್ಷಣ ಕೊಡುವುದು 'ಸೇವೆ' ಅಲ್ಲ, ಶಾಲೆ-ಕಾಲೇಜುಗಳು ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು ರಾಷ್ಟ್ರೀಯ ಆಯೋಗದ ದೊಡ್ಡ ಪೀಠ 2020ರ ಜನವರಿಯಲ್ಲಿ ಹೇಳಿದೆ. ಕೋಚಿಂಗ್ ಸೆಂಟರುಗಳು ಬರುತ್ತವೆ ಎಂದೂ ಅದೇ ಆದೇಶದಲ್ಲಿದೆ. ಬೆಂಗಳೂರಿನ ಪಿಯು ಕಾಲೇಜುಗಳ 'ಇಂಟಿಗ್ರೇಟೆಡ್' ಜೆಇಇ-ನೀಟ್ ಕೋರ್ಸುಗಳಲ್ಲಿ ಈ ವ್ಯತ್ಯಾಸಕ್ಕೆ ನೇರ ಬೆಲೆಯಿದೆ. ಪಿಯು ಮಟ್ಟಕ್ಕೆ ಆರ್‌ಟಿಇ ಇಲ್ಲ, ಪದವಿ ಕಾಲೇಜುಗಳನ್ನು ನೋಡಿಕೊಳ್ಳುವ ಯುಜಿಸಿ ಇಲ್ಲ; ಅಧ್ಯಾಪಕರು, ಕಟ್ಟಡ, ಹಾಜರಾತಿ ಎಲ್ಲ ಒಂದೇ ಆಗಿದ್ದರೂ ಕೋಚಿಂಗ್ ಕಂಪನಿಯ ರಸೀದಿ ಪ್ರತ್ಯೇಕವಾಗಿದ್ದರೆ ಆ ಭಾಗದ ಹಣಕ್ಕೆ ಜಿಲ್ಲಾ ಗ್ರಾಹಕ ಆಯೋಗದ ದಾರಿ ಇದೆ. ಗಡುವು ಎರಡು ವರ್ಷ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಒಂದೇ ರಸೀದಿಯಲ್ಲಿ ಎಲ್ಲ ಸೇರಿಸಿ ಕೊಟ್ಟಿದ್ದರೆ, ಸೇರುವಾಗಲೇ ಬಿಡಿಸಿ ಕೇಳದ ತಪ್ಪಿಗೆ ಮುಂದೆ ವಾದದಲ್ಲಿ ಬೆವರು ಹರಿಸಬೇಕಾಗುತ್ತದೆ.

ಟಿಸಿ ಎಂಬ ಒತ್ತೆ

ಬಾಕಿ ಇದ್ದರೆ ಶಾಲೆ ಅದನ್ನು ವಸೂಲಿ ಮಾಡಲು ನೋಟಿಸ್ ಕೊಡಬಹುದು, ಸಿವಿಲ್ ದಾವೆ ಹೂಡಬಹುದು. ಟಿಸಿಯನ್ನು ಒತ್ತೆ ಇಟ್ಟುಕೊಳ್ಳುವುದು ಬೇರೆ ಮಾತು. ಆರ್‌ಟಿಇಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇಲ್ಲಿ ಬಹಳ ಜನ ಗಮನಿಸದ ಒಂದು ಮಿತಿಯಿದೆ: ಈ ವರ್ಗಾವಣೆಯ ಹಕ್ಕು ಇರುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವಾಗ. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಅನುದಾನರಹಿತ ಶಾಲೆಗೆ ಹೋಗುವವರು 5ನೇ ಸೆಕ್ಷನ್ನನ್ನೇ ನೆಚ್ಚಿಕೊಂಡರೆ ಶಾಲೆಯ ವಕೀಲರು ಮೊದಲ ದಿನವೇ ಅದನ್ನು ಎತ್ತಿ ತೋರಿಸುತ್ತಾರೆ. ಅಂಥವರು ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ ಸಂವಿಧಾನದ 21ಎ ವಿಧಿ ಮತ್ತು ನ್ಯಾಯಾಲಯಗಳ ತೀರ್ಪನ್ನು ಆಧರಿಸಬೇಕು. ಟಿಸಿ ಬಾಕಿ ವಸೂಲಿಯ ಸಾಧನವಲ್ಲ, ಅದರ ಮೇಲೆ ಶುಲ್ಕ ಬಾಕಿ ಎಂದು ಷರಾ ಬರೆಯುವುದೂ ತಪ್ಪು ಎಂದು ಮದ್ರಾಸ್ ಹೈಕೋರ್ಟ್‌ನ ವಿಭಾಗೀಯ ಪೀಠ 2024ರ ಜುಲೈನಲ್ಲಿ ಹೇಳಿದೆ. ಕರ್ನಾಟಕದಲ್ಲಿ ಅದಕ್ಕೆ ಕಟ್ಟುಪಾಡಿನ ಬಲವಿಲ್ಲ, ಆದರೆ ವಾದಕ್ಕೆ ತೂಕ ಕೊಡುತ್ತದೆ.

ಕಾಗದದ ಟಿಸಿಗಿಂತ ಈಗ ಹೆಚ್ಚು ಕಾಡುವುದು 'ಸ್ಯಾಟ್ಸ್' ದಾಖಲೆ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ. ಹಳೆಯ ಶಾಲೆ ತನ್ನ ಲಾಗಿನ್‌ನಿಂದ ವಿದ್ಯಾರ್ಥಿಯನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಪಟ್ಟಿಯಲ್ಲಿ ಹೆಸರು ಏರುವುದಿಲ್ಲ. ಮಗು ತರಗತಿಯಲ್ಲಿ ಕೂತಿರುತ್ತದೆ, ದಾಖಲೆಯಲ್ಲಿ ಇರುವುದಿಲ್ಲ; ಪರೀಕ್ಷೆಯ ನೋಂದಣಿ ಬಂದಾಗ ಗೊತ್ತಾಗುತ್ತದೆ. ಆದ್ದರಿಂದ ಟಿಸಿ ಕೋರಿಕೆಯಲ್ಲೇ 'ಸ್ಯಾಟ್ಸ್‌ನಲ್ಲೂ ಬಿಡುಗಡೆ ಮಾಡಿ' ಎಂಬ ವಾಕ್ಯ ಮತ್ತು ಮಗುವಿನ ಸ್ಯಾಟ್ಸ್ ಸಂಖ್ಯೆ ಇರಬೇಕು. ಎರಡು ವಾರ ಕಾದು, ಬಿಇಒಗೆ ಕೊಡುವ ದೂರಿನಲ್ಲಿ ಅದೇ ಸಂಖ್ಯೆ ಮತ್ತೆ ಬರೆಯಬೇಕು.

ಒಂಬತ್ತನೇ ತರಗತಿಯ ಬಿರುಕು

ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟಬೇಕೆನ್ನುವ ಶಾಲೆಗಳು ಒಂಬತ್ತರಲ್ಲೇ ಹಿಂದುಳಿದ ಮಕ್ಕಳನ್ನು ಸಾಗಹಾಕುವುದು ಗುಟ್ಟಿನ ವಿಷಯವೇನಲ್ಲ. ಅವು ಇದಕ್ಕೆ ಒಂಬತ್ತನ್ನೇ ಆರಿಸಿಕೊಳ್ಳಲು ಕಾನೂನಿನ ಕಾರಣವೂ ಇದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎನ್ನುವ ಆರ್‌ಟಿಇಯ 16ನೇ ಸೆಕ್ಷನ್ ಅಲ್ಲಿಗೆ ನಿಂತುಹೋಗುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಮರುಪರೀಕ್ಷೆ ಕೊಟ್ಟ ಮೇಲೂ ಪಾಸಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು, ಹೊರಹಾಕಲು ಅಲ್ಲ. ಒಂಬತ್ತರಲ್ಲಿ ಈ ರಕ್ಷಣೆ ಇಲ್ಲ. ಆದರೂ ಪೋಷಕರ ಕೋರಿಕೆಯಿಲ್ಲದೆ ಟಿಸಿ ಕೊಡಲು ಶಾಲೆ ಹಿಂಜರಿಯುತ್ತದೆ. ಅದಕ್ಕಾಗಿಯೇ 'ಸ್ವಂತ ಇಚ್ಛೆಯಿಂದ ಟಿಸಿ ಕೋರುತ್ತೇವೆ' ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ. ಆ ಪತ್ರಕ್ಕೆ ಸಹಿ ಹಾಕಿದ ಮೇಲೆ ಮಕ್ಕಳ ಹಕ್ಕುಗಳ ಆಯೋಗವೂ ಹೆಚ್ಚೇನೂ ಮಾಡಲಾಗದು. ಸಹಿ ಹಾಕದೆ, ಸಭೆಯಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು 'ನಮ್ಮ ಮಗ ಇಲ್ಲೇ ಹತ್ತನೇ ತರಗತಿಗೆ ಮುಂದುವರಿಯುತ್ತಾನೆ' ಎಂದು ದಾಖಲಿಸುವುದೇ ಗಟ್ಟಿ ನಡೆ.

ಹೊಡೆತದ ವಿಷಯದಲ್ಲೂ ವಯಸ್ಸಿನ ಇಂಥದ್ದೇ ಗೆರೆಯಿದೆ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುವ 17ನೇ ಸೆಕ್ಷನ್ ಎಂಟರವರೆಗೆ. ಅದಕ್ಕೆ ಕೊಡುವುದೂ ಸೇವಾ ನಿಯಮದಡಿ ಶಿಸ್ತುಕ್ರಮ ಮಾತ್ರ. 18 ವರ್ಷದವರೆಗೆ, ಮಗುವಿನ ಮೇಲಿನ ಕ್ರೌರ್ಯವನ್ನು ಶಿಕ್ಷಿಸುವ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ದೂರುಗಳಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಅದೇ ಕಾಯ್ದೆಯ 82ನೇ ಸೆಕ್ಷನ್ ಹಾಕುವುದು. ಅದರಲ್ಲಿ ದೈಹಿಕ ಶಿಕ್ಷೆ ಎಂಬ ಮಾತಿದೆ ನಿಜ, ಆದರೆ ಅದು ಮಕ್ಕಳ ಪಾಲನಾ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಶಾಲೆಗಳಿಗಲ್ಲ. ಮತ್ತೊಂದು ತೊಡಕು: 2021ರ ತಿದ್ದುಪಡಿಯಿಂದ ಈ ಕಾಯ್ದೆಯಡಿ 3ರಿಂದ 7 ವರ್ಷ ಶಿಕ್ಷೆಯ ಅಪರಾಧಗಳು ಅಸಂಜ್ಞೇಯ ಆಗಿವೆ, ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟ್ ಅನುಮತಿಯಿಲ್ಲದೆ ತನಿಖೆ ನಡೆಸುವಂತಿಲ್ಲ. ಠಾಣೆಯಲ್ಲಿ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟರೆ ಅದು ಯಾವಾಗಲೂ ಉಪೇಕ್ಷೆಯೇ ಎಂದಲ್ಲ. ಆ ಎನ್‌ಸಿಆರ್ ಪ್ರತಿ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಅದಕ್ಕೂ ಮೊದಲು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ಆಗಿರಬೇಕು. ಮೂರು ದಿನ ಬಿಟ್ಟು ಹೋದರೆ ಬಾಸುಂಡೆ ಮಾಯವಾಗಿರುತ್ತದೆ, ಕೇಸೂ.

ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಮೇಲಿನ ಯಾವ ಲೆಕ್ಕಾಚಾರವೂ ಬೇಡ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತನ್ನ ಅಧೀನ ಸಿಬ್ಬಂದಿಯ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಶಾಲೆಯ 'ಆಂತರಿಕ ವಿಚಾರಣೆ ಮುಗಿಯಲಿ' ಎಂಬ ಮಾತಿಗೆ ಕಾಯುವ ಶಿಕ್ಷಕಿಯೂ ಇಲ್ಲಿ ಆರೋಪಿಯಾಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಅದಕ್ಕೂ ದಾಖಲೆ ಉಳಿಯುತ್ತದೆ.

ದೂರಿನ ಕಾಗದ ಹೇಗಿರಬೇಕು

ನಗರದ ಶಾಲೆಗಳು ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂಬ ಎರಡು ಡಿಡಿಪಿಐ ಕಚೇರಿಗಳಡಿ, ಅವುಗಳೊಳಗೆ ಉತ್ತರ 1ರಿಂದ 4, ದಕ್ಷಿಣ 1ರಿಂದ 4, ಆನೇಕಲ್ ಎಂಬ ಬಿಇಒ ವಲಯಗಳಡಿ ಹಂಚಿಹೋಗಿವೆ. ವಲಯ ತೀರ್ಮಾನವಾಗುವುದು ಶಾಲೆಯ ವಿಳಾಸದಿಂದ, ನಿಮ್ಮ ಮನೆಯಿಂದಲ್ಲ. ಇದೊಂದೇ ತಪ್ಪಿಗೆ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಾ ತಿಂಗಳು ಕಳೆಯುತ್ತದೆ.

ಅರ್ಜಿ ಎರಡು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲಿ ಶಾಲೆಯ ಹೆಸರು, ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೆ ಇರುವ ಗುರುತಿನ ಸಂಖ್ಯೆ), ಬೋರ್ಡ್, ಮಗುವಿನ ತರಗತಿ, ಸ್ಯಾಟ್ಸ್ ಸಂಖ್ಯೆ. ಆಮೇಲೆ ತಾರೀಖಿನ ಕ್ರಮದಲ್ಲಿ ಘಟನೆಗಳು. 'ಹಲವಾರು ಬಾರಿ ಕೇಳಿದೆವು' ಎನ್ನದೆ ಯಾವ ದಿನ, ಯಾರನ್ನು, ಹೇಗೆ ಕೇಳಿದ್ದು ಎಂದಿರಲಿ. ಕೊನೆಯಲ್ಲಿ ಸೆಕ್ಷನ್ ಹೆಸರಿಸಿ ಒಂದೇ ಒಂದು ಬೇಡಿಕೆ. ಫೀಸು, ಬಸ್ಸು, ಶೌಚಾಲಯ, ಟೀಚರ ಒರಟು ಮಾತು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಶಾಲೆ ತನಗೆ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಕಡತ ಮುಗಿಸುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಮೊಹರು ಮತ್ತು ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳದೆ ಹೊರಬರಬೇಡಿ. ವಾಟ್ಸಾಪ್‌ನಲ್ಲಿ ಅಧಿಕಾರಿಗೆ ಕಳಿಸಿದ ದೂರು ಕಾನೂನಿನ ದೃಷ್ಟಿಯಲ್ಲಿ ಸಲಾಂ ಹೊಡೆದ ಹಾಗೆ.

ಮೊಹರಿನ ತಾರೀಖು ಯಾಕೆ ಮುಖ್ಯವೆಂದರೆ ಆರ್‌ಟಿಇಯ 32ನೇ ಸೆಕ್ಷನ್ ಪ್ರಕಾರ ಲಿಖಿತ ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ತೃಪ್ತಿಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಆಯೋಗ ನೃಪತುಂಗ ರಸ್ತೆಯ ಕೃಷಿ ಭವನದಲ್ಲಿದೆ. ಅದಕ್ಕೆ ದಂಡ ವಿಧಿಸುವ ಅಧಿಕಾರವಿಲ್ಲ, ಶಿಫಾರಸು ಮಾತ್ರ. ಆದರೆ ವಿಚಾರಣೆಗೆ ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಟ್ಟು ಕರೆಸುವ, ದಾಖಲೆ ತರಿಸುವ ಬಲವಿದೆ. ಪೋಷಕರಿಗೆ ಬಾಗಿಲು ತೆರೆಯದ ಆಡಳಿತ ಮಂಡಳಿ ಸಮನ್ಸ್‌ಗೆ ಬಂದು ಕೂರುತ್ತದೆ, ಎಷ್ಟೋ ವ್ಯಾಜ್ಯ ಅಲ್ಲೇ ಇತ್ಯರ್ಥವಾಗುತ್ತದೆ.

ಅನುದಾನರಹಿತ ಖಾಸಗಿ ಶಾಲೆಗೆ ನೇರವಾಗಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಪ್ರಯೋಜನವಿಲ್ಲ. ಆದರೆ ಶಾಲೆ ಬಿಇಒ ಕಚೇರಿಗೆ ಸಲ್ಲಿಸಿದ ಮಾನ್ಯತೆ ನವೀಕರಣದ ಕಡತ, ಅಗ್ನಿ ಸುರಕ್ಷತಾ ಪತ್ರ, ಶಿಕ್ಷಕರ ಪಟ್ಟಿಯನ್ನು ಬಿಇಒ ಕಡೆಯಿಂದ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಉದ್ದ ಬರೆದದ್ದಕ್ಕೇ ತಿರಸ್ಕೃತವಾಗುವ ಅರ್ಜಿಗಳಿವೆ. ಶಾಲೆಯ ಮಾನ್ಯತೆಯೇ ಮುಗಿದಿದ್ದರೆ ಅದು ಈ ಕಡತದಲ್ಲಿ ಹೊರಬೀಳುತ್ತದೆ. ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000.

ಟೀಚರ್, ಆಯಾ, ಚಾಲಕ

ಈ ಜಗಳಗಳಲ್ಲಿ ಅತಿ ದುರ್ಬಲ ಸ್ಥಿತಿ ಖಾಸಗಿ ಶಾಲೆಯ ನೌಕರರದು ಎಂಬುದು ನನ್ನ ಎಣಿಕೆ. ಪೋಷಕರಿಗೆ ವಾಟ್ಸಾಪ್ ಗುಂಪು ಇದೆ, ಟಿವಿ ಕ್ಯಾಮೆರಾ ಬರುತ್ತದೆ. ಟೀಚರಿಗೆ ಮುಂದಿನ ಕೆಲಸಕ್ಕೆ ಹಳೆಯ ಶಾಲೆಯ ಅನುಭವ ಪತ್ರ ಬೇಕು. ಆದರೆ ಕಾನೂನಿನಲ್ಲಿ ಅವರಿಗಿರುವ ವೇದಿಕೆ ಪೋಷಕರದಕ್ಕಿಂತ ಗಟ್ಟಿ. ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಆರೋಪಪಟ್ಟಿ ಕೊಟ್ಟು, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಮೀರಿದರೆ 94ನೇ ಸೆಕ್ಷನ್ ಅಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಕೂರುವವರು ಜಿಲ್ಲಾ ನ್ಯಾಯಾಧೀಶರು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆ ಮತ್ತು ಕಾಲೇಜುಗಳ ನೌಕರರಿಗೆ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ ಇದೇ ರೀತಿಯ ದಾರಿ ಕೊಡುತ್ತದೆ, 8ನೇ ಸೆಕ್ಷನ್ನಿನಲ್ಲಿ. ಎರಡರಲ್ಲೂ ಗಡುವು ಆದೇಶ ತಲುಪಿದ ದಿನದಿಂದ ಮೂರು ತಿಂಗಳು.

ಈ ಮೂರು ತಿಂಗಳಲ್ಲೇ ಹೆಚ್ಚಿನವರು ಎಡವುತ್ತಾರೆ. ಮೊದಲ ತಿಂಗಳು ಆಡಳಿತ ಮಂಡಳಿಯ ಜೊತೆ ರಾಜಿಯ ಮಾತು, ಎರಡನೆಯದು ಬಿಇಒ ಕಚೇರಿಯಲ್ಲಿ, ಮೂರನೆಯದು ಲೇಬರ್ ಆಫೀಸಿನಲ್ಲಿ. ಶಿಕ್ಷಕರು ಕೈಗಾರಿಕಾ ವಿವಾದ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿರುವುದರಿಂದ ವಜಾ ವಿಷಯದಲ್ಲಿ ಕಾರ್ಮಿಕ ಇಲಾಖೆ ಅವರಿಗೆ ಏನೂ ಮಾಡಲಾರದು. (ಚಾಲಕ, ಆಯಾ, ಕಚೇರಿ ಸಹಾಯಕರ ಮಾತು ಬೇರೆ, ಅವರಿಗೆ ಆ ದಾರಿಯೂ ಇದೆ.) ನೇರ ಹೈಕೋರ್ಟ್ ರಿಟ್ ಕೂಡ ಸಾಮಾನ್ಯವಾಗಿ ನಿಲ್ಲುವುದಿಲ್ಲ: ಶಾಲೆ ಸಾರ್ವಜನಿಕ ಕೆಲಸ ಮಾಡುತ್ತಿದ್ದರೂ ನೌಕರಿಯ ಒಪ್ಪಂದದ ಜಗಳ ಖಾಸಗಿಯದೇ ಎಂದು ಸುಪ್ರೀಂ ಕೋರ್ಟಿನ 2022ರ ಸೇಂಟ್ ಮೇರೀಸ್ ತೀರ್ಪು ಹೇಳುತ್ತದೆ.

ನ್ಯಾಯಮಂಡಳಿಯಲ್ಲಿ ಶಾಲೆಗಳ ನೆಚ್ಚಿನ ವಾದ ಎರಡು. ಒಂದು, ನಾವು ವಜಾ ಮಾಡಿಲ್ಲ, ಅವರೇ ರಾಜೀನಾಮೆ ಕೊಟ್ಟರು. ಮೀಟಿಂಗಿಗೆ ಕರೆದು, ಬಾಗಿಲು ಹಾಕಿ, ಟೈಪ್ ಮಾಡಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಇದಕ್ಕೇ. ಸಹಿ ಹಾಕಿಬಿಟ್ಟಿದ್ದರೂ ರಾಜೀನಾಮೆ ಅಂಗೀಕಾರವಾಗುವ ಮೊದಲು ಅದನ್ನು ಹಿಂಪಡೆಯುವ ಹಕ್ಕಿದೆ. ಅದೇ ರಾತ್ರಿ ಇಮೇಲ್, ಮರುದಿನ ರಿಜಿಸ್ಟರ್ಡ್ ಪೋಸ್ಟ್ ಹೋಗಬೇಕು. ವಾರ ಕಳೆದರೆ ಯಾವ ನ್ಯಾಯಾಧೀಶರೂ ಒತ್ತಾಯದ ಕಥೆ ನಂಬುವುದು ಕಷ್ಟ. ಇನ್ನೊಂದು, ಇವರು ವರ್ಷದ ಗುತ್ತಿಗೆಯವರು. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳ ಒಪ್ಪಂದ, ಏಪ್ರಿಲ್-ಮೇ ಸಂಬಳವಿಲ್ಲ, ಮತ್ತೆ ಜೂನ್‌ಗೆ ಹೊಸ ಪತ್ರ. ಇದನ್ನು ಮುರಿಯಲು ಬೇಕಾದ್ದು ನಡುವಿನ ತಿಂಗಳ ಕೆಲಸದ ಪುರಾವೆ: ಏಪ್ರಿಲ್ ಪರೀಕ್ಷಾ ಮೌಲ್ಯಮಾಪನದ ಪಟ್ಟಿ, ಮೇ ತಿಂಗಳ ಪ್ರವೇಶ ಡ್ಯೂಟಿ ಸಂದೇಶ, ಪಿಎಫ್ ಪಾಸ್‌ಬುಕ್‌ನಲ್ಲಿ ಸೇರ್ಪಡೆಯ ದಿನಾಂಕ.

ಗ್ರಾಚ್ಯುಟಿ ಶಿಕ್ಷಕರಿಗೂ ಉಂಟು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕ ಸರಳ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 30,000, ಸೇವೆ 8 ವರ್ಷ ಎಂದಿಟ್ಟುಕೊಂಡರೆ 30,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 8ರಿಂದ ಗುಣಿಸಿದರೆ 1,38,461 ರೂಪಾಯಿ. ಮೂಲ ವೇತನವನ್ನು 9,000ಕ್ಕೆ ಇಳಿಸಿ ಉಳಿದದ್ದನ್ನು 'ವಿಶೇಷ ಭತ್ಯೆ' ಎಂದು ತೋರಿಸುವ ಸಂಬಳ ಚೀಟಿಯ ಗುಟ್ಟು ಇಲ್ಲಿ ಬಯಲಾಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ವೇತನದ ವ್ಯಾಖ್ಯೆಯನ್ನು ಬಿಗಿ ಮಾಡಿದೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವೂ ವೇತನದ ಲೆಕ್ಕಕ್ಕೆ. ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಐದು ವರ್ಷದ ಬದಲು ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದೂ ಹೇಳಿದೆ. ಹತ್ತು ತಿಂಗಳ ಒಪ್ಪಂದಗಳಿಗೆ ಶಾಲೆಗಳು ಇನ್ನಷ್ಟು ಅಂಟಿಕೊಳ್ಳಲು ಇದೇ ಕಾರಣವಾದೀತು. ಗ್ರಾಚ್ಯುಟಿ ವಿಷಯಕ್ಕೆ ಮಾತ್ರ ಶಿಕ್ಷಕರೂ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಕಡೆ ಹೋಗಬಹುದು.

ಸೇರುವಾಗ ಬಿ.ಎಡ್. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವ ಶಾಲೆಗಳಿಗೆ ಅದಕ್ಕೆ ಯಾವ ಕಾನೂನಿನ ಅಧಿಕಾರವೂ ಇಲ್ಲ. ಕೊಡಲೇಬೇಕಾಗಿ ಬಂದರೆ ಯಾವ ಯಾವ ಪ್ರಮಾಣಪತ್ರ ಎಂಬ ಪಟ್ಟಿಗೆ ಸ್ವೀಕೃತಿ ಸಹಿ ಪಡೆಯಿರಿ, ಆ ಹಾಳೆಯಿಲ್ಲದೆ ಮುಂದೆ ವಾಪಸ್ ಕೇಳುವುದೇ ಕಷ್ಟ. ಬಾಂಡ್ ಬೇರೆ: ನಿರ್ದಿಷ್ಟ ಅವಧಿ ಕೆಲಸ ಮಾಡದಿದ್ದರೆ ಇಂತಿಷ್ಟು ಕೊಡಬೇಕೆಂಬ ಷರತ್ತು ತನ್ನಷ್ಟಕ್ಕೇ ಅಸಿಂಧುವಲ್ಲ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಮೊತ್ತ ನ್ಯಾಯಸಮ್ಮತವೇ ಎಂಬುದರ ಮೇಲೆ ವಾದ ಮಾಡಬಹುದು, ಬಾಂಡೇ ಸುಳ್ಳು ಎನ್ನಲಾಗದು.

ಒಂದರಿಂದ ಎಂಟರವರೆಗೆ ಪಾಠ ಮಾಡುವವರು ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಕಡೆಗೂ ಕಣ್ಣಿಟ್ಟಿರಬೇಕು. ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿರುವ ಹಾಲಿ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು; ಅದಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಸಿಗದು. ಗಡುವು ಮುಗಿಯುವ ಮೊದಲೇ ಇದನ್ನೇ ನೆಪ ಮಾಡಿ ಕೆಲಸ ಬಿಡಿಸಿದರೆ ಅದು ವಿಚಾರಣೆಯಿಲ್ಲದ ವಜಾವೇ, ನ್ಯಾಯಮಂಡಳಿಗೆ ಹೋಗಬಹುದಾದ ವಿಷಯ.

ಪದವಿ ಕಾಲೇಜಿನವರಿಗೆ

ಇಲ್ಲಿ ದಾರಿ ಹೆಚ್ಚು ಸ್ಪಷ್ಟ. ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ದೂರು ಪರಿಹಾರ ಸಮಿತಿ ಇರಬೇಕು, 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ದೂರು ಮೇಲ್ಮನವಿ ಅಧಿಕಾರಿ) ಮೇಲ್ಮನವಿ. ಸೀಟು ಬಿಟ್ಟಾಗಿನ ಶುಲ್ಕ ವಾಪಸಾತಿಗೆ ಯುಜಿಸಿಯ 2018ರ ಪಟ್ಟಿ ಇದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಪ್ರಕ್ರಿಯಾ ಶುಲ್ಕ ಬಿಟ್ಟು ಪೂರ್ತಿ, ಅದರೊಳಗೆ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50, ಆಮೇಲೆ ಇಲ್ಲ. ಆಯಾ ವರ್ಷಕ್ಕೆ ಯುಜಿಸಿ ಇದಕ್ಕಿಂತ ಉದಾರ ಸುತ್ತೋಲೆ ಹೊರಡಿಸಿದ್ದೂ ಇದೆ, ಆ ವರ್ಷದ್ದನ್ನು ನೋಡಿಕೊಳ್ಳಬೇಕು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದನ್ನು ಅದೇ ಅಧಿಸೂಚನೆ ನಿಷೇಧಿಸಿದೆ.

ವಕೀಲರ ಫೀಸು ಹೊಂದಿಸಲಾರದೆ ಸುಮ್ಮನಾಗುವವರು ಎಚ್. ಸಿದ್ದಯ್ಯ ರಸ್ತೆಯ 'ನ್ಯಾಯ ದೇಗುಲ'ದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ಜಿಲ್ಲಾ ಪ್ರಾಧಿಕಾರವನ್ನೋ ಕೇಳಬಹುದು. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿಯೇ ಇಲ್ಲ. ಖಾಸಗಿ ಶಾಲೆಗಳ ಬಹುಪಾಲು ಟೀಚರುಗಳು ಈ ಪಟ್ಟಿಯ ಮೊದಲ ಹೆಸರಿನಡಿಯಲ್ಲೇ ಬರುತ್ತಾರೆ. ಅರ್ಜಿಯ ಜೊತೆ ವಜಾ ಪತ್ರ, ನೇಮಕಾತಿ ಪತ್ರ, ಕೊನೆಯ ಮೂರು ಸಂಬಳ ಚೀಟಿ ಇರಲಿ. ವಕೀಲರ ನೇಮಕಕ್ಕೆ ಹಿಡಿಯುವ ಸಮಯವೂ ಆ ಮೂರು ತಿಂಗಳೊಳಗೇ ಕಳೆಯುತ್ತದೆ, ಆದ್ದರಿಂದ ಆದೇಶ ಕೈಗೆ ಬಂದ ವಾರದಲ್ಲೇ ಹೋಗಬೇಕು.